ಅಡಿಕೆ ತೋಟದ ಓತಿ, ಮೂಡಿಗೆರೆಯ ಕಾದಂಬರಿಕಾರ

ಗುತ್ತಿಗಾರಿನ ನಮ್ಮ ತೋಟದಲ್ಲಿ ಹಾರುವ ಓತಿಯನ್ನು ನಾನು ಸರಿಯಾಗಿ ನೋಡಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಓದಿದ ಮೇಲೆ. ಹುಟ್ಟಿದಂದಿನಿಂದ ಅದೇ ತೋಟದಲ್ಲಿ ಓಡಾಡಿದವನು ನಾನು. ಎಷ್ಟೋ ಸಲ ತಲೆಯ ಮೇಲಿಂದ ಏನೋ ಹಾರಿ ಹೋದದ್ದನ್ನು ಕಂಡು, ಒಣಗಿದ ಎಲೆ ಇರಬೇಕು ಅಂದುಕೊಂಡು ಮುಂದೆ ನಡೆದಿದ್ದೆ.

ಜನವರಿಯ ಒಂದು ಬೆಳಿಗ್ಗೆ. ಇಬ್ಬನಿ ಆರಿ, ಸೋಗೆಗಳ ನಡುವಿನಿಂದ ಬಿಸಿಲು ಮರದ ಕಾಂಡಕ್ಕೆ ಬೀಳುವ ಹೊತ್ತು. ದೋಟಿ ಹಿಡಿದು ಅಡಿಕೆ ತೆಗೆಯಲು ಬಂದವನ ಹಿಂದೆ ನಿಂತಿದ್ದೆ. ಎದುರಿನ ಮರದ ಬೂದುಬಣ್ಣದ ಕಲೆಯೊಂದು ಸ್ವಲ್ಪ ಸರಿದಂತಾಯಿತು. ಹತ್ತಿರ ಹೋದೆ. ಬಾಲವೂ ಸೇರಿ ಒಂದು ಗೇಣು ಉದ್ದದ ಓತಿ. ಅಡಿಕೆ ಮರದ ತೊಗಟೆಯ ಬಣ್ಣವೇ ಅದರ ಮೈಬಣ್ಣ. ಸಾಲುಗಟ್ಟಿ ಏರುತ್ತಿದ್ದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಕತ್ತು ಎತ್ತಿ, ಗಂಟಲಿನ ಕೆಳಗಿಂದ ನಿಂಬೆಹಣ್ಣಿನ ಬಣ್ಣದ ಚರ್ಮದ ಪತಾಕೆಯೊಂದನ್ನು ಎರಡು ಸಲ ಬಿಚ್ಚಿ ಮಡಚಿತು. ಗಂಡು. ದೋಟಿಯ ತುದಿ ಮೇಲಿನ ಸೋಗೆಗೆ ತಾಗಿದ್ದೇ ತಡ, ಅದು ಮರ ಬಿಟ್ಟಿತು. ಪಕ್ಕೆಯ ಎರಡೂ ಕಡೆ ಕೊಡೆ ಬಿಚ್ಚಿದ ಹಾಗೆ ಚರ್ಮ ಅಗಲವಾಯಿತು. ನಾಲ್ಕು ಸಾಲು ದಾಟಿ, ಅಂದರೆ ಒಂಬತ್ತು ಅಡಿ ಅಂತರದ ನಮ್ಮ ತೋಟದಲ್ಲಿ ಮೂವತ್ತಾರು ಅಡಿ, ಕೊನೆಯಲ್ಲಿ ತುಸು ಮೇಲಕ್ಕೆ ಎದ್ದು, ಸದ್ದಿಲ್ಲದೆ ಇನ್ನೊಂದು ಮರಕ್ಕೆ ಅಂಟಿಕೊಂಡಿತು.

“ಎಂತ ನೋಡುದು ಮಾಷ್ಟ್ರೆ ಹಾಗೆ?”

“ಹಾರುವ ಓತಿ ಮಾರಾಯ.”

“ಅದಾ! ಅದು ಎಲ್ಲಾ ತೋಟದಲ್ಲೂ ಉಂಟಲ್ಲ. ಹೆಣ್ಣು ಮೊಟ್ಟೆ ಇಡ್ಲಿಕ್ಕೆ ಮಾತ್ರ ನೆಲಕ್ಕೆ ಬರುದು. ಮಣ್ಣಲ್ಲಿ ಮೂತಿ ಹಾಕಿ ಗುಂಡಿ ಮಾಡ್ತದೆ. ನಾನು ಎಷ್ಟು ಸಲ ನೋಡಿದ್ದೇನೆ.”

ಅವನು ಹೇಳಿದ್ದು ಅಕ್ಷರಶಃ ನಿಜ. ಜೀವಶಾಸ್ತ್ರದ ಪುಸ್ತಕಗಳೂ ಅದನ್ನೇ ಹೇಳುತ್ತವೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ಗೊತ್ತಿರಲಿಲ್ಲ, ಮರ ಹತ್ತಿ ಬದುಕಿದ ಅವನಿಗೆ ಗೊತ್ತಿತ್ತು. ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಕಂಡ ಹುಡುಗ ಮಂದಣ್ಣ ನನ್ನ ಎದುರಿಗೇ ದೋಟಿ ಹಿಡಿದು ನಿಂತಿದ್ದ.

ಕನ್ನಡದಲ್ಲಿ ವಿಜ್ಞಾನವನ್ನೂ ಅದ್ಭುತವನ್ನೂ ಒಂದೇ ಕಥೆಯಲ್ಲಿ ಹೆಣೆದವರು ಯಾರು ಎಂದು ಕೇಳಿದರೆ, ವೈಜ್ಞಾನಿಕ ಕಾದಂಬರಿ ಎಂಬ ಹೆಸರಿಟ್ಟೇ ಬರೆದ ರಾಜಶೇಖರ ಭೂಸನೂರಮಠರಂಥವರು ನೆನಪಾಗುತ್ತಾರೆ, ಆಗಬೇಕು ಕೂಡ. ಆದರೆ ಸಾಮಾನ್ಯ ಓದುಗನ ಮನೆಯೊಳಗೆ, ಶಾಲೆಯ ಹುಡುಗರ ಚೀಲದೊಳಗೆ ಆ ಬೆರಗನ್ನು ತಂದಿಟ್ಟವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಅವರನ್ನು ಯಾರೂ ವಿಜ್ಞಾನ ಕಾದಂಬರಿಕಾರ ಎಂದು ಕರೆಯುವುದಿಲ್ಲ. ಪರಿಸರ ಲೇಖಕ, ಕಥೆಗಾರ, ಕಾಡಿನ ಮನುಷ್ಯ ಎನ್ನುತ್ತೇವೆ. ಲಕ್ಷಾಂತರ ವರ್ಷಗಳ ಹಿಂದಿನ ಜೀವಿಯೊಂದನ್ನು ಹುಡುಕಿ ಒಬ್ಬ ವಿಜ್ಞಾನಿಯೂ ಅವನ ಸಂಗಡಿಗರೂ ಕಾಡು ಹೊಗುವ ‘ಕರ್ವಾಲೊ’ದಂಥ ಕಥೆ ಬೇರೆ ಯಾವ ದೇಶದಲ್ಲಿ ಬಂದಿದ್ದರೂ ಅದನ್ನು ವಿಜ್ಞಾನ ಕಾದಂಬರಿಯ ಸಾಲಿನಲ್ಲೇ ಇಡುತ್ತಿದ್ದರು. ನಾನೂ ಅಲ್ಲಿಯೇ ಇಡುತ್ತೇನೆ. ಅವರು ಅಂಥ ಲೇಖಕರಾದದ್ದು ಹೇಗೆ ಎನ್ನುವುದಕ್ಕೆ ಉತ್ತರ ಅವರ ಮೊದಲ ಮೂವತ್ತು ಮೂವತ್ತೈದು ವರ್ಷಗಳಲ್ಲಿದೆ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಊರು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ, ತಂದೆ ಕುವೆಂಪು, ತಾಯಿ ಹೇಮಾವತಿ. ಬೆಳೆದದ್ದು ಮೈಸೂರಿನ ‘ಉದಯರವಿ’ ಮನೆಯಲ್ಲಿ. ದೊಡ್ಡ ಮರದ ಕೆಳಗೆ ಸಣ್ಣ ಗಿಡ ಬೆಳೆಯುವುದಿಲ್ಲ ಎಂಬ ಮಾತು ನಮ್ಮಲ್ಲಿದೆ. ಅಡಿಕೆ ತೋಟದವರಿಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ, ಯಾಕೆಂದರೆ ಕೊಕ್ಕೊ, ಕಾಳುಮೆಣಸು ಎಲ್ಲ ನೆರಳಲ್ಲೇ ಫಲ ಕೊಡುತ್ತವೆ. ತಂದೆಯ ಬಗ್ಗೆ ತೇಜಸ್ವಿ ಬರೆದ ‘ಅಣ್ಣನ ನೆನಪು’ ಓದಿದವರಿಗೆ ಗೊತ್ತು, ಆ ಮನೆಯ ನೆರಳು ಎಂಥದ್ದಾಗಿತ್ತು ಎಂದು. ಹುಡುಗನ ಕೈಯಲ್ಲಿ ಬಿಚ್ಚಿ ಹರಡಿದ ಯಂತ್ರಗಳು, ತಲೆಯ ತುಂಬ ಶಿಕಾರಿಯ ಮರುಳು, ಸಂಗೀತದ ಹುಚ್ಚು, ಸಿತಾರ್. ತಂದೆ ಬೈದು ಕಟ್ಟಿಹಾಕಿದವರಲ್ಲ. ಮಗ ತನ್ನಷ್ಟಕ್ಕೆ ಏನನ್ನೋ ಹುಡುಕುತ್ತಿದ್ದಾನೆ ಎಂದು ತಿಳಿದು ದೂರದಿಂದ ನೋಡುತ್ತಿದ್ದವರು.

ಮೈಸೂರಿನಲ್ಲಿ ಕನ್ನಡ ಎಂ.ಎ. ಆಯಿತು. 1956ರಿಂದ 60ರವರೆಗೆ ಕುವೆಂಪು ಅದೇ ವಿಶ್ವವಿದ್ಯಾನಿಲಯದ ಕುಲಪತಿ. ಕುಲಪತಿಯಾಗಿದ್ದವರ ಮಗ, ಕನ್ನಡದಲ್ಲಿ ಸ್ನಾತಕೋತ್ತರ ಪದವಿ, ಆಗಲೇ ಪತ್ರಿಕೆಗಳಲ್ಲಿ ಹೆಸರು ಮಾಡಿದ ಕಥೆಗಾರ. ಲೆಕ್ಚರರ್ ಕೆಲಸ, ನಗರದಲ್ಲೊಂದು ಮನೆ, ಸಾಹಿತ್ಯ ಗೋಷ್ಠಿಗಳು, ಎಲ್ಲ ಸಾಲಾಗಿ ಕಾದಿದ್ದ ಬದುಕು ಅದು. ಅದನ್ನು ಬಿಟ್ಟು ಅವರು 1960ರ ದಶಕದಲ್ಲಿ ಮೂಡಿಗೆರೆಗೆ ಹೋಗಿ ಕಾಫಿ ಗಿಡ ನೆಟ್ಟರು. ಮೊದಲು ‘ಚಿತ್ರಕೂಟ’ ಎಂಬ ತೋಟ, ಆಮೇಲೆ ‘ನಿರುತ್ತರ’. 1966ರಲ್ಲಿ ರಾಜೇಶ್ವರಿಯವರನ್ನು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ, ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮದುವೆಯಾದರು.

ಈ ನಿರ್ಧಾರವನ್ನು ನಾವು ಈಗ ಬಹಳ ಸುಲಭವಾಗಿ ಹೊಗಳುತ್ತೇವೆ. ಮಳೆ, ಜಿಗಣೆ, ಸಾಲ, ಕೂಲಿಯಾಳಿನ ಸಮಸ್ಯೆ, ಬೆಲೆ ಕುಸಿತ ಇದೆಲ್ಲ ಏನೆಂದು ಘಟ್ಟದ ಕೆಳಗಿನ ನಮಗೂ ಗೊತ್ತು. ಸುಳ್ಯದ ಕಡೆ ಹಳದಿ ಎಲೆ ರೋಗ ಬಂದ ತೋಟದ ನಡುವೆ ಒಮ್ಮೆ ನಿಂತು ನೋಡಿದವರಿಗೆ, ‘ಕರ್ವಾಲೊ’ದ ನಿರೂಪಕ ಕೃಷಿಯಲ್ಲಿ ಬೇಸತ್ತು ಜಮೀನು ಮಾರಿ ಹೊರಟುಬಿಡುವ ಯೋಚನೆಯಲ್ಲಿರುವುದು ಕಟ್ಟಿದ ಕಥೆ ಅನ್ನಿಸುವುದಿಲ್ಲ. ಕಷ್ಟಪಟ್ಟು ಬೆಳೆ ತೆಗೆದವರು ಮಾತ್ರ ಆ ಪುಟಗಳನ್ನು ಬರೆಯಬಲ್ಲರು.

ಬರವಣಿಗೆ ಶುರುವಾದದ್ದು ಇದಕ್ಕೂ ಮೊದಲೇ. ‘ಲಿಂಗ ಬಂದ’ ಎಂಬ ಮೊದಲ ಕಥೆಗೆ ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂತು. ಮಲೆನಾಡಿನ ಮಳೆಯನ್ನು ಒಬ್ಬ ಹುಡುಗನ ಕಣ್ಣಿನಿಂದ ನೋಡುವ ಕಥೆ ಅದು. ತೇಜಸ್ವಿಯವರ ಮುಂದಿನ ಬರಹದ ಬೀಜ ಅಲ್ಲಿಯೇ ಇದೆ. ಹುಡುಗನಿಗೆ ಮಳೆ ಎಂದರೆ ಕತ್ತಲು, ಸದ್ದು, ಹೆದರಿಕೆ. ದೊಡ್ಡವರಿಗೆ ಹವಾಮಾನ ಆಗಿರುವುದು ಅವನಿಗೆ ಬೇರೆಯೇ ಒಂದು ಲೋಕ. ಅದ್ಭುತ ಕಥೆ ಬರೆಯುವವನಿಗೆ ಬೇಕಾದ ಮೊದಲ ಗುಣ ಇದು, ಕಣ್ಣಿಗೆ ರೂಢಿಯಾದದ್ದನ್ನು ಮತ್ತೆ ಅಪರಿಚಿತವಾಗಿ ಕಾಣುವುದು. ‘ಸೋಮುವಿನ ಸ್ವಗತ ಲಹರಿ’ ಕವಿತೆಗಳು, ‘ಹುಲಿಯೂರಿನ ಸರಹದ್ದು’ ಕಥೆಗಳು, ‘ಯಮಳ ಪ್ರಶ್ನೆ’ ನಾಟಕ, ‘ಸ್ವರೂಪ’ ಕಿರುಕಾದಂಬರಿ, ಇವೆಲ್ಲ 1960ರ ದಶಕದವು. ಆ ಕಾಲದ ನವ್ಯದ ಗಾಳಿ ಅವುಗಳಲ್ಲಿ ಬೀಸಿದೆ. ಯೌವನದಲ್ಲಿ ಬರೆದಿಟ್ಟ ‘ಕಾಡು ಮತ್ತು ಕ್ರೌರ್ಯ’ ಅವರು ತೀರಿಕೊಂಡ ಮೇಲೆ ಪುಸ್ತಕವಾಗಿ ಬಂತು. ಈ ಬರಹಗಳಲ್ಲಿ ಪ್ರತಿಭೆ ಇದೆ, ಆದರೆ ನಾವು ಪ್ರೀತಿಸುವ ತೇಜಸ್ವಿ ಇನ್ನೂ ಪೂರ್ತಿ ಬಂದಿಲ್ಲ. ಒಬ್ಬಂಟಿ ಮನುಷ್ಯನ ಒಳಗನ್ನೇ ಕೆದಕುವ ಬರವಣಿಗೆ ಅದು. ಹೊರಗಿನ ಲೋಕ ಇನ್ನೂ ಬಾಗಿಲು ತಟ್ಟುತ್ತಿತ್ತು.

ಬಾಗಿಲು ತೆರೆದದ್ದು 1973ರಲ್ಲಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯದ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕೆಂದು ಘೋಷಿಸಿದರು. ತನ್ನ ಮೇಲೆ ಗಾಢ ಪ್ರಭಾವ ಬೀರಿದ ಮೂವರನ್ನು ಅಲ್ಲಿ ಹೆಸರಿಸಿದರು. ರಾಮಮನೋಹರ ಲೋಹಿಯಾರ ಚಿಂತನೆ, ಕುವೆಂಪು ಅವರ ಕಲಾಸೃಷ್ಟಿ, ಶಿವರಾಮ ಕಾರಂತರ ಪ್ರಯೋಗಶೀಲ ಬದುಕು. ಈ ಮೂರನೆಯ ಹೆಸರು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಕೋಟದಲ್ಲಿ ಹುಟ್ಟಿದ ಕಾರಂತರು ಪ್ರಯೋಗ ಮಾಡಿದ್ದು ಗುತ್ತಿಗಾರಿನಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯ ಪುತ್ತೂರಿನಲ್ಲಿ, ಬಾಲವನದಲ್ಲಿ. ಮಕ್ಕಳ ಶಿಕ್ಷಣ, ನಾಟಕ, ಯಕ್ಷಗಾನ, ಅಚ್ಚುಕೂಟ, ಎಲ್ಲವನ್ನೂ ಅವರು ಕೈಯಾರೆ ಮಾಡಿ ನೋಡಿದರು. 1936ರಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕನ್ನಡದ ಮಕ್ಕಳಿಗೆ ಕೊಟ್ಟರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ನಕ್ಷತ್ರ, ಕಡಲು, ಹುಳು, ಕಲ್ಲು ಎಲ್ಲವೂ ಕನ್ನಡದಲ್ಲಿ ಮಾತಾಡಬಲ್ಲವು ಎಂದು ಸಾಧಿಸಿದ ಮೇಲೆ, 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬಂತು. ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಸಾವಿರಾರು ವರ್ಷಗಳ ಹಿಂದಿನ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಕಾಣುವ ಅಜ್ಜಿ! ಕಾಲದಲ್ಲಿ ಹಿಂದಕ್ಕೆ ಹೋಗಲು ಯಂತ್ರ ಬೇಕಿಲ್ಲ, ಜಗುಲಿಯ ಮೇಲೆ ಕುಳಿತ ಒಬ್ಬ ಅಜ್ಜಿ ಸಾಕು ಎಂಬ ಧೈರ್ಯ ಪುತ್ತೂರಿನಲ್ಲಿ ಕುಳಿತ ಲೇಖಕನಿಗಿತ್ತು. 1977ರ ಜ್ಞಾನಪೀಠ ಬಂದದ್ದು ಆ ಕಾದಂಬರಿಗೇ. ಘಟ್ಟದ ಮೇಲಿನ ತೇಜಸ್ವಿ ಘಟ್ಟದ ಕೆಳಗಿನ ಈ ಹಿರಿಯರಿಂದ ಪಡೆದದ್ದು ಶೈಲಿಯನ್ನಲ್ಲ. ಬದುಕನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಹಟವನ್ನು.

ತೇಜಸ್ವಿಯವರ ‘ನಿಗೂಢ ಮನುಷ್ಯರು’ ಓದಿ ನೋಡಿ. ಮಳೆಗಾಲದ ಮಲೆನಾಡು, ಒಂಟಿ ಮನೆ, ಬಿರುಕು ಬಿಡುವ ಗುಡ್ಡ. ನೆಲವೇ ಒಂದು ಪಾತ್ರ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡ ಜಾರಿದ ಮೇಲೆ ನಾನು ಆ ಕಥೆಯನ್ನು ಮತ್ತೆ ಓದಿದೆ. ಮೊದಲ ಸಲ ನಿಗೂಢ ಅನ್ನಿಸಿದ ಸಾಲುಗಳು ಎರಡನೆಯ ಸಲ ವರದಿಯಂತೆ ಕಂಡವು.

‘ಕರ್ವಾಲೊ’ ಬಂದದ್ದು 1980ರಲ್ಲಿ. ತೇಜಸ್ವಿ ಆಗ ನಲವತ್ತರ ಆಚೀಚೆ. ಕಥೆ ಆರಂಭವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಿಂದ, ಒಂದು ಬಾಟ್ಲಿ ಜೇನುತುಪ್ಪದಿಂದ. ಪುತ್ತೂರಿನಲ್ಲೂ ಜೇನು ಸಾಕುವವರ ಸಹಕಾರ ಸಂಘ ಇರುವುದರಿಂದ ನಮಗೆ ಆ ವಾತಾವರಣ ಹೊಸದಲ್ಲ. ಮಂದಣ್ಣ ಅಲ್ಲಿ ಸಿಗುತ್ತಾನೆ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಹುಡುಗ. ಒಂದು ನೌಕರಿ, ಒಂದು ಮದುವೆ, ಅವನ ಆಸೆ ಅಷ್ಟೇ. ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಹಾರುವ ಓತಿಯನ್ನು ಕಂಡವನು ಅವನೇ. ಆಮೇಲಿನದ್ದು ಹುಡುಕಾಟ: ಪ್ರಭಾಕರನ ಕ್ಯಾಮರಾ, ಬಿರಿಯಾನಿ ಕರಿಯಪ್ಪನ ಅಡುಗೆ, ಪ್ಯಾರ, ಕಿವಿ ಎಂಬ ನಾಯಿ. ಈ ದಂಡು ಕಾಡಿನೊಳಗೆ ನಡೆಯುತ್ತಾ ಹೋದಂತೆ ಓದುಗನೂ ಕಾಲದಲ್ಲಿ ಹಿಂದಕ್ಕೆ ನಡೆಯುತ್ತಾನೆ. ಕೊನೆಗೆ ಓತಿ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಕಣಿವೆಯ ಅಂಚಿನಿಂದ ತನ್ನನ್ನು ಗಾಳಿಗೆ ಒಪ್ಪಿಸಿ ತೇಲಿಹೋಗುತ್ತದೆ. ಹಿಡಿದು ಬಾಟ್ಲಿಯಲ್ಲಿಟ್ಟು ಹೆಸರು ಬರೆದಿದ್ದರೆ ಕಾದಂಬರಿ ಸತ್ತುಹೋಗುತ್ತಿತ್ತು.

ಆರ್ಥರ್ ಕೋನನ್ ಡಾಯ್ಲ್ 1912ರಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಬರೆದ. ಅಲ್ಲಿಯೂ ಒಬ್ಬ ಪ್ರೊಫೆಸರ್, ಒಂದು ದಂಡು, ದಕ್ಷಿಣ ಅಮೆರಿಕದ ಎತ್ತರದ ಹಾಸಿನಲ್ಲಿ ಉಳಿದುಬಿಟ್ಟ ಪ್ರಾಚೀನ ಪ್ರಾಣಿಗಳು. ಎರಡರ ಕಥೆಯ ಕಟ್ಟೂ ಹತ್ತಿರ. ಆದರೆ ಡಾಯ್ಲ್‌ನ ಪುಸ್ತಕದಲ್ಲಿ ಆ ನೆಲದ ಜನ ಹೊರೆ ಹೊರುವವರು, ಇಲ್ಲವೇ ಎದುರು ನಿಲ್ಲುವವರು. ಜ್ಞಾನ ಲಂಡನ್ನಿನಿಂದ ಬಂದವರದು. ತೇಜಸ್ವಿಯವರಲ್ಲಿ ಇದು ತಲೆಕೆಳಗಾಗಿದೆ. ವಿಜ್ಞಾನಿಗೆ ಮಂದಣ್ಣನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಬರುವುದಿಲ್ಲ. ಜಗತ್ತಿನ ವಿಜ್ಞಾನ ಕಥೆಗಳಿಗೆ ಕನ್ನಡ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಇಂಗ್ಲಿಷಿನ ಎಚ್.ಜಿ. ವೆಲ್ಸ್‌ನನ್ನೂ ನೆನೆಯಬೇಕು. ಅಂಗಡಿ ಇಟ್ಟ ಬಡ ಮನೆಯ ಹುಡುಗ, ಬಟ್ಟೆಯಂಗಡಿಯಲ್ಲಿ ದುಡಿದವನು, 1884ರಲ್ಲಿ ಲಂಡನ್ನಿನ ವಿಜ್ಞಾನ ಶಾಲೆ ಸೇರಿ ಟಿ.ಎಚ್. ಹಕ್ಸ್‌ಲಿಯ ಕೈಕೆಳಗೆ ಜೀವಶಾಸ್ತ್ರ ಕಲಿತ. ಡಾರ್ವಿನ್ನನ ವಾದವನ್ನು ಲೋಕದೆದುರು ಎತ್ತಿಹಿಡಿದವನು ಆ ಹಕ್ಸ್‌ಲಿ. ಹನ್ನೊಂದು ವರ್ಷಗಳ ನಂತರ ಬಂದ ‘ದಿ ಟೈಮ್ ಮಷಿನ್’ನ ಬೆನ್ನೆಲುಬು ವಿಕಾಸವಾದ. ತೇಜಸ್ವಿಯವರಿಗೆ ಹಕ್ಸ್‌ಲಿಯಂಥ ಗುರು ಇರಲಿಲ್ಲ. ಕನ್ನಡ ಎಂ.ಎ. ಮಾಡಿದವರು ವಿಕಾಸವಾದವನ್ನು ಕಲಿತದ್ದು ಗಾಳದ ತುದಿಯ ಮೀನಿನಿಂದ, ಕಾಫಿ ಗಿಡದ ಹುಳದಿಂದ, ಕ್ಯಾಮರಾ ಹಿಡಿದು ಹಕ್ಕಿಗಾಗಿ ಕಾದ ಗಂಟೆಗಳಿಂದ, ತರಿಸಿಕೊಂಡು ಓದಿದ ಪುಸ್ತಕಗಳಿಂದ.

ಓತಿಯ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಕಾದಂಬರಿ ಓದಿದ ಮಕ್ಕಳು ಮೊದಲು ಕೇಳುವುದೇ ಅದನ್ನು: ಮಾಷ್ಟ್ರೆ, ಅದು ನಿಜವಾಗಿಯೂ ಉಂಟಾ? ಉಂಟು. ವಿಜ್ಞಾನದಲ್ಲಿ ಅದರ ಹೆಸರು ಡ್ರಾಕೊ ಡುಸ್ಸುಮಿಯೇರಿ. ಫ್ರಾನ್ಸಿನ ಡುಮೆರಿಲ್ ಮತ್ತು ಬಿಬ್ರಾನ್ 1837ರಲ್ಲಿ ಅದನ್ನು ದಾಖಲಿಸಿದರು. ಭಾರತದಿಂದ ಪ್ರಾಣಿಗಳನ್ನು ಸಂಗ್ರಹಿಸಿ ಒಯ್ದ ಡುಸ್ಸುಮಿಯೆ ಎಂಬಾತನ ಹೆಸರನ್ನು ಅದಕ್ಕಿಟ್ಟರು. ಅದರ ದಾಯಾದಿಗಳು ಹೆಚ್ಚಾಗಿ ಆಗ್ನೇಯ ಏಷ್ಯಾದ ಕಾಡುಗಳಲ್ಲಿದ್ದಾರೆ. ಪಶ್ಚಿಮ ಘಟ್ಟದಲ್ಲಿ ಇದೊಂದು ಮನೆ ಮಾಡಿಕೊಂಡಿದೆ. ಅದಕ್ಕೆ ಹಕ್ಕಿಯ ರೆಕ್ಕೆ ಇಲ್ಲ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳನ್ನು ಹೊರಕ್ಕೆ ಚಾಚಿದಾಗ ಅವುಗಳ ಮೇಲಿನ ಚರ್ಮ ಹಾಯಿಯಂತೆ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ಕೆಳಕ್ಕೆ ತೇಲಬಲ್ಲದು, ಹಕ್ಕಿಯಂತೆ ರೆಕ್ಕೆ ಬಡಿದು ಏರಲಾರದು. ಹೀಗೆ ಪಕ್ಕೆಲುಬನ್ನೇ ರೆಕ್ಕೆ ಮಾಡಿಕೊಂಡ ಸರೀಸೃಪಗಳು ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಯುಗದಲ್ಲಿ ಇದ್ದವು. ಅವು ಇದರ ನೇರ ಪೂರ್ವಜರಲ್ಲ. ಅದೇ ಉಪಾಯವನ್ನು ಪ್ರಕೃತಿ ಕೋಟಿಗಟ್ಟಲೆ ವರ್ಷಗಳ ಅಂತರದಲ್ಲಿ ಬೇರೆ ಬೇರೆ ವಂಶಗಳಲ್ಲಿ ಮಾಡಿ ನೋಡಿದೆ. ಕಾದಂಬರಿಯಲ್ಲಿ ಬಹು ಅಪರೂಪವಾಗಿ ಕಾಣಿಸುವ ಜೀವಿ ನಮ್ಮ ಅಡಿಕೆ ತೋಟಗಳಲ್ಲಿ ಸಾಮಾನ್ಯ. ಅಡಿಕೆಯ ನೆಟ್ಟಗಿನ, ರೆಂಬೆಯಿಲ್ಲದ ಕಾಂಡ, ಸಾಲುಗಳ ನಡುವಿನ ತೆರಪು, ಮರ ಏರುವ ಇರುವೆ, ಇವೆಲ್ಲ ಅದಕ್ಕೆ ಒಗ್ಗಿವೆ. ಅದನ್ನು ಅಪರೂಪವೆಂದು ಬರೆದದ್ದು ತೇಜಸ್ವಿಯವರ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಬರೆದದ್ದು ಪ್ರಾಣಿಗಳ ಪಟ್ಟಿಯಲ್ಲ. ಕಣ್ಣೆದುರಿನ ಜೀವಿಯಲ್ಲಿ ಎಣಿಸಲಾಗದಷ್ಟು ಕಾಲ ಅಡಗಿದೆ ಎಂದು ತೋರಿಸಲು ಅವರಿಗೆ ಆ ದೂರ ಬೇಕಿತ್ತು.

‘ಕರ್ವಾಲೊ’ ನಂತರದ ಬರವಣಿಗೆಯ ಹಾದಿ ಎಲ್ಲರಿಗೂ ಗೊತ್ತಿರುವಂಥದ್ದು. 1985ರ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ ಬಂತು, ‘ಪರಿಸರದ ಕತೆ’, ‘ಏರೋಪ್ಲೇನ್ ಚಿಟ್ಟೆ’ ಬಂದವು. ‘ಮಿಸ್ಸಿಂಗ್ ಲಿಂಕ್’ನಲ್ಲಿ ಮನುಷ್ಯನ ಹುಟ್ಟಿನ ಹುಡುಕಾಟ, ‘ಫ್ಲೈಯಿಂಗ್ ಸಾಸರ್ಸ್’ನಲ್ಲಿ ಆಕಾಶದ ತಟ್ಟೆಗಳ ವಿಚಾರ, ಮಿಲೇನಿಯಂ ಸರಣಿಯಲ್ಲಿ ಪೆಸಿಫಿಕ್ ದ್ವೀಪಗಳಿಂದ ಚಂದ್ರನ ಚೂರಿನವರೆಗೆ. ಮಕ್ಕಳ ಕೈಗೆ ಸಿಗುವ ಬೆಲೆಯಲ್ಲಿ, ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ. ಕಾರಂತರು ಪುತ್ತೂರಿನಲ್ಲಿ ‘ಬಾಲಪ್ರಪಂಚ’ದಿಂದ ಹಚ್ಚಿದ ದೀಪಕ್ಕೆ ತೇಜಸ್ವಿ ಮೂಡಿಗೆರೆಯಿಂದ ಎಣ್ಣೆ ಎರೆದರು. 2007ರ ಏಪ್ರಿಲ್ 5ರಂದು, ‘ನಿರುತ್ತರ’ದಲ್ಲೇ, ಅವರು ತೀರಿಕೊಂಡರು. ಅರವತ್ತೆಂಟು ವರ್ಷ ವಯಸ್ಸು.

ಈ ವರ್ಷ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರದಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ, ತೋರಿಸಿ ಬನ್ನಿ. ಅದಕ್ಕೆ ಮೊದಲು ‘ಕರ್ವಾಲೊ’ವನ್ನು ಅವರ ಕೈಗೆ ಕೊಡಿ. ಓದಿ ಮುಗಿಸಿದ ಮರುದಿನ ಬೆಳಿಗ್ಗೆ, ಬಿಸಿಲು ಕಾಂಡಕ್ಕೆ ಬೀಳುವ ಹೊತ್ತಿಗೆ, ಮನೆಯ ಹಿಂದಿನ ಅಡಿಕೆ ತೋಟದಲ್ಲಿ ಅರ್ಧ ಗಂಟೆ ಸದ್ದು ಮಾಡದೆ ನಿಲ್ಲಿಸಿ. ತೋಟಕ್ಕೆ ಅಡಿಕೆ ತೆಗೆಯಲು ಬಂದವರಿದ್ದರೆ, ಓತಿ ಯಾವ ಮರದಲ್ಲಿದೆ ಎಂದು ಅವರನ್ನೇ ಕೇಳಲಿ.